ರಿಪೇರಿ ಆಗಿದ್ದನ್ನ ಹಾಳು ಮಾಡಿಕೊಡಿ

ತಾಯಿ: ರಿಪೇರಿ ಅಲ್ಲ ಅಣ್ಣ, ಹಾಳು! ಹಾಳು ಮಾಡಿಕೊಡಿ ಅಂತ ಕೇಳ್ತಿದೀನಿ.

ಗ್ಯಾರಂಟಿ: ಅಲ್ಲಮ್ಮ, ಮೊನ್ನೆ ತಾನೇ ಕಾರಿನ ನಾಲ್ಕೂ ಶಾಕಬ್ಸರ್ ಬಿಚ್ಚಿ, ತೊಳೆದು, ಹೊಸದರ ಹಾಗೆ ಕಟ್ಟಿ ಕೊಟ್ಟಿದೀನಿ.

ತಾಯಿ: ಅದೇ ಆಗಿದ್ದು ತಪ್ಪು. ಬಿಚ್ಚಿದ ಕೈ ನಿಮ್ದೇ ತಾನೇ? ಮೊದಲು ಹೇಗಿತ್ತೋ ಹಾಗೇ ಮಾಡ್ಕೊಡಿ.

ಗ್ಯಾರೇಜಿನ ಮೆಕ್ಯಾನಿಕ್ಕಿಗೆ ಎದೆ ಧಸಕ್ಕೆಂದಿತು. ಊರಿಗೆಲ್ಲ ಅವನು ಗ್ಯಾರಂಟಿ. ಅಪ್ಪ ಅಮ್ಮ ಇಟ್ಟ ಹೆಸರು ಇನ್ನೇನೋ ಒಂದಿತ್ತು, ಅದನ್ನು ಹಿಡಿದು ಕರೆದರೆ ಈಗ ಅವನೇ ತಿರುಗಿ ನೋಡುವುದಿಲ್ಲ. ತಾನು ಕೈಯಿಟ್ಟ ಕೆಲಸ ವಾಪಸ್ ಬಂದದ್ದಿಲ್ಲ ಅನ್ನುವುದೊಂದೇ ಅವನ ದೊಡ್ಡಸ್ತಿಕೆ. ಈಗ ನೋಡಿದರೆ, ಊಟ ತಿಂಡಿ ಬಿಟ್ಟು ಮಾಡಿದ ಕೆಲಸವೇ ವಾಪಸ್ ಬಂದು ಬಾಗಿಲಲ್ಲಿ ನಿಂತಿದೆ, ಅದೂ ಬೆಳಬೆಳಗ್ಗೆ, ಶಟರ್ ಪೂರ್ತಿ ಎತ್ತುವ ಮೊದಲೇ. ಆ ಹೆಣ್ಣುಮಗಳ ಕಣ್ಣು ಕೆಂಪಗೆ, ತಲೆ ಕಾಗೆಗೂಡು, ಒಂದು ಕಾಲಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ಗಂಡನದು.

ಗ್ಯಾರಂಟಿ: ಏನಾಗಿದೆ, ಎಣ್ಣೆ ಸೋರ್ತಿದೆಯಾ?

ತಾಯಿ: ಒಂದು ತೊಟ್ಟೂ ಸೋರ್ತಿಲ್ಲ. ಅದೇ ನನ್ನ ಗೋಳು.

ಗ್ಯಾರಂಟಿ: ಸದ್ದು ಬರುತ್ತಾ?

ತಾಯಿ: ಬರುತ್ತೆ. ನಿಲ್ಲೋದೇ ಇಲ್ಲ.

ಗ್ಯಾರಂಟಿ: ಮುಂದಿನಿಂದಲೋ, ಹಿಂದಿನಿಂದಲೋ?

ತಾಯಿ: ಹಿಂದಿನ ಸೀಟಿಂದ.

ಗ್ಯಾರಂಟಿ: ಹೇಗೆ ಬರುತ್ತೆ? ಕಟಕಟ ಅಂತಲಾ, ಕಿರ್ ಅಂತಲಾ?

ತಾಯಿ: ಕುಯ್ಯೋ ಅಂತ.

ಗ್ಯಾರಂಟಿ: ಹಾಗಾದ್ರೆ ರಬ್ಬರ್ ಬುಶ್ಶು! ಒಣಗಿದ್ರೆ ಹಾಗೇ ಅಳುತ್ತೆ. ಒಂಚೂರು ಗ್ರೀಸ್ ಬಳಿದ್ರೆ ಸರಿಹೋಗುತ್ತೆ.

ತಾಯಿ: ಬುಶ್ ಅಲ್ಲ, ನನ್ನ ಮಗಳು! ಗ್ರೀಸ್ ಬಳೀತಾರಂತೆ ಗ್ರೀಸು!

ಅಷ್ಟರಲ್ಲಿ ಆ ಸದ್ದೇ ಕಾರಿನೊಳಗಿಂದ ಬಂತು. ಗ್ಯಾರಂಟಿ ಬಗ್ಗಿ ನೋಡಿದ. ಹಿಂದಿನ ಸೀಟಿನಲ್ಲಿ ಹತ್ತು ತಿಂಗಳ ಕೂಸು ಮುಷ್ಟಿ ಬಿಗಿದು ಅರಚುತ್ತಿತ್ತು. ಪಕ್ಕದಲ್ಲಿ ಅದರ ಅಪ್ಪ, ಕಾರು ಅಂದರೆ ಪ್ರಾಣ ಬಿಡುವ ಆಸಾಮಿ, ಬೊಂಬೆಯನ್ನು ತಲೆಕೆಳಗಾಗಿ ಹಿಡಿದು ಕುಣಿಸುತ್ತಿದ್ದ.

ಗಂಡ: ನಮಸ್ಕಾರ ಗ್ಯಾರಂಟಿಯವರೇ. ಕೆಲಸ ಮಾತ್ರ ಸೂಪರ್. ತಿರುವಲ್ಲಿ ರಸ್ತೆಗೆ ಅಂಟಿಕೊಂಡೇ ಹೋಗುತ್ತೆ!

ತಾಯಿ: ರೀ, ನೀವು ಬಾಯಿ ಮುಚ್ಕೊಂಡು ಬೊಂಬೆ ಆಡ್ಸಿ. ಕೇಳಿ ಅಣ್ಣ, ಮದುವೆಗೆ ಮುಂಚೆ ಈ ಮಹಾನುಭಾವರು ಕಂಪನಿ ಶಾಕಬ್ಸರ್ ಕಿತ್ತೆಸೆದು, ಎಲ್ಲಿಂದಲೋ ರೇಸ್ ಕಾರಿಂದು ತಂದು ಹಾಕ್ಸಿದ್ರು. ಒಂದು ಹಂಪ್ ಹತ್ತಿದ್ರೆ ನನ್ನ ಹಲ್ಲೆಲ್ಲ ಅಲ್ಲಾಡೋದು. ಆಮೇಲೆ ನಮ್ಮ ಪುಣ್ಯಕ್ಕೆ ಅದು ಹಾಳಾಯ್ತು. ಎಣ್ಣೆಯೆಲ್ಲ ಸೋರಿ, ಈ ಬೀದೀಲಿ ಹಂಪ್ ಹತ್ತಿದ್ರೆ ಮುಂದಿನ ಬೀದಿವರೆಗೂ ತೂಗ್ತಾ ಹೋಗೋದು. ಪಾಪು ಅದರಲ್ಲೇ ನಿದ್ದೆ ಕಲಿತಳು. ಈಗ ಕಾರು ತೂಗಲ್ಲ, ತೊಟ್ಟಿಲಿಗೆ ಹಾಕಿದ್ರೆ ಎದ್ದು ಕೂತು ನಮ್ಮನ್ನೇ ನೋಡ್ತಾಳೆ.

ಗ್ಯಾರಂಟಿ: ಅಂಥ ಕಾರಲ್ಲಿ ಮಗೂನ ಕೂರಿಸ್ಕೊಂಡು ಓಡಾಡಿದ್ರಾ? ಬ್ರೇಕ್ ಹಾಕಿದ್ರೆ ನಿಲ್ಲೋ ಜಾಗದಲ್ಲಿ ನಿಲ್ಲುತ್ತಾ ಅದು?

ತಾಯಿ: ಮನೆ ಸುತ್ತ ಒಂದು ರೌಂಡು ಅಷ್ಟೇ ಅಣ್ಣ. ಎಷ್ಟು ನಿಧಾನ ಅಂದ್ರೆ, ನಾಯಿಗಳೂ ನಮ್ಮನ್ನ ಹಿಂದೆ ಹಾಕಿ ಹೋಗ್ತಿದ್ವು.

ಗ್ಯಾರಂಟಿ: ಜೋಗುಳ ಹಾಡಿ ನೋಡ್ಬಾರ್ದಾ?

ತಾಯಿ: ಹಾಡಿದೆ. ಪಕ್ಕದ ಮನೆಯವರು ಬಂದು, ಮಗು ಅತ್ತರೆ ಹೇಗೋ ತಡ್ಕೋತೀವಿ, ನೀವು ಹಾಡಬೇಡಿ ಅಂದ್ರು.

ಗ್ಯಾರಂಟಿಗೆ ಸಿಟ್ಟೂ ಬಂತು, ಕನಿಕರವೂ ಬಂತು. ಆದರೆ ಸಿಟ್ಟು ಒಂದು ಹೆಜ್ಜೆ ಮುಂದಿತ್ತು. ಸೀದಾ ಹೋಗಿ ಬಾನೆಟ್ಟಿನ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟ. ಕಾರು ಒಂದು ಸಲ ಮೇಲೆದ್ದು, ತೆಪ್ಪಗೆ ನಿಂತಿತು.

ಗ್ಯಾರಂಟಿ: ನೋಡಿದ್ರಾ? ಒಂದೇ ಸಲ! ಏನು ಶಿಸ್ತು!

ತಾಯಿ: ನಂಗೆ ಶಿಸ್ತು ಬೇಡ, ತೂಗಾಟ ಬೇಕು. ಎಣ್ಣೆ ಸೋರಿಸ್ತಿದ್ದ ಆ ಹಳೇ ರಬ್ಬರ್ ಸೀಲ್‌ಗಳು ಎಲ್ಲಿವೆ? ಅವನ್ನೇ ವಾಪಸ್ ಹಾಕಿ.

ಗ್ಯಾರಂಟಿ: ಅವಾ? ಪುಡಿಪುಡಿ ಆಗಿದ್ವು, ಕಸಕ್ಕೆ ಹಾಕ್ದೆ.

ತಾಯಿ: ಒಂದು ಮಾತು ಕೇಳದೆ ಹೇಗೆ ಹಾಕಿದ್ರಿ? ಇನ್ನೊಬ್ಬರ ಮನೆ ನಿದ್ದೆ ಅದು!

ಗ್ಯಾರಂಟಿ: ತಾಯಿ, ಈ ಕೈ ಕಟ್ಟಿದ ಶಾಕಬ್ಸರ್, ಬೇಕಾದ್ರೆ ಬರೆದಿಟ್ಕೊಳ್ಳಿ, ನಿಮ್ಮ ಮಗಳು ಕಾಲೇಜಿಗೆ ಹೋದ್ರೂ ಹೀಗೇ ಇರುತ್ತೆ. ಗ್ಯಾರಂಟಿ!

ತಾಯಿ: (ಅಳುತ್ತಾ) ಅಯ್ಯೋ, ಅವಳು ಕಾಲೇಜಿಗೆ ಹೋಗೋವರೆಗೂ ನಾವ್ಯಾರೂ ಮಲಗೋ ಹಾಗಿಲ್ವಾ?

ಗಂಡನ ಕರುಳು ಚುರುಕ್ಕೆಂದಿತು. ಕಿಟಕಿಯಿಂದ ತಲೆ ಹೊರಗೆ ಹಾಕಿದ.

ಗಂಡ: ಅಳಬೇಡ ಕಣೇ. ಶಾಕಬ್ಸರ್ ತುದೀಲಿ ಒಂದೊಂದು ತಿರುಪು ಇದೆ. ಬಲಕ್ಕೆ ತಿರುಗಿಸಿದ್ರೆ ಗಟ್ಟಿ, ಎಡಕ್ಕೆ ತಿರುಗಿಸಿದ್ರೆ ಮೆತ್ತಗೆ.

ತಾಯಿ: ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?

ಗಂಡ: ಮೆತ್ತಗೆ ಮಾಡಿದ್ರೆ ತಿರುವಲ್ಲಿ...

ತಾಯಿ: ಅದೇ ತಿರುವಲ್ಲಿ ನಿಮ್ಮನ್ನ ಇಳಿಸಿ ಹೋಗ್ತೀನಿ ನೋಡ್ತಾ ಇರಿ.

ಗ್ಯಾರಂಟಿ ಒಲ್ಲದ ಮನಸ್ಸಿನಿಂದಲೇ ನಾಲ್ಕೂ ತಿರುಪನ್ನು ಎಡಕ್ಕೆ ತಿರುಗಿಸಿ, ಮತ್ತೆ ಬಾನೆಟ್ ಒತ್ತಿದ. ಕಾರು ಒಂದು ಸಲ ಎದ್ದು, ಇನ್ನೊಂದು ಸಲ ಏಳಲೋ ಬೇಡವೋ ಅಂತ ಯೋಚಿಸಿ, ಬೇಡ ಅಂದುಕೊಂಡಿತು. ಕೂಸು ಇನ್ನೂ ಜೋರಾಗಿ ಕಿರುಚಿತು.

ತಾಯಿ: ಇನ್ನೂ ತಿರುಗ್ಸಿ.

ಗ್ಯಾರಂಟಿ: ಇನ್ನು ತಿರುಗಿಸಿದ್ರೆ ಕೈಗೇ ಬರುತ್ತೆ.

ತಾಯಿ: ಬರಲಿ ಬಿಡಿ. ಅಥವಾ ಹೀಗ್ಮಾಡಿ, ನಾಲ್ಕಕ್ಕೂ ಒಂದೊಂದು ತೂತು ಹೊಡೀರಿ. ಎಣ್ಣೆ ತಾನಾಗೇ ಹೋಗುತ್ತೆ.

ಗ್ಯಾರಂಟಿ: ತೂತಾ!

ಅವನು ಓಡಿಹೋಗಿ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತ.

ಗ್ಯಾರಂಟಿ: ಡಬ್ಬ ಅಂದ್ಕೊಂಡ್ರಾ ಇದನ್ನ? ಇದರೊಳಗೆ ಏನಿದೆ ಅಂತ ಯಾರಾದ್ರೂ ಒಂದು ದಿನ ಕೂತು ಕೇಳಿದೀರಾ? ಕಂಪನಿಯವರದ್ದಕ್ಕೆ ಬಾಯಿ ಮುಚ್ಚಿ ಬೆಸುಗೆ ಹಾಕಿರ್ತಾರೆ, ಕೆಟ್ಟರೆ ಎಸೀಬೇಕು, ಅಷ್ಟೇ. ಇದು ಹಾಗಲ್ಲ. ಬಿಚ್ಚಿ ಕಟ್ಟೋದಕ್ಕೆ ಅಂತಲೇ ಹುಟ್ಟಿರೋದು. ಒಳಗೆ ಎಣ್ಣೆ. ಎಣ್ಣೆಯೊಳಗೆ ಪಿಸ್ಟನ್ನು. ಪಿಸ್ಟನ್ನಲ್ಲಿ ಸಣ್ಣ ಸಣ್ಣ ತೂತು. ತೂತಿನ ಮೇಲೆ ಕಾಗದದಷ್ಟು ತೆಳ್ಳಗಿನ ಬಿಲ್ಲೆಗಳು, ಒಂದರ ಮೇಲೊಂದು, ಒಂದರ ಮೇಲೊಂದು. ಕಾರು ಕೆಳಗೆ ಹೋದಾಗ ಎಣ್ಣೆ ಈ ಕಡೆಯಿಂದ ಆ ಕಡೆಗೆ ಹೋಗುತ್ತೆ. ಕಾರು ಮೇಲೆ ಬಂದಾಗ ಆ ಕಡೆಯಿಂದ ಈ ಕಡೆಗೆ ಬರುತ್ತೆ. ಮತ್ತೆ ಈ ಕಡೆಯಿಂದ ಆ ಕಡೆಗೆ ಹೋಗುತ್ತೆ. ಮತ್ತೆ ಆ ಕಡೆಯಿಂದ...

ಏನೋ ಕಡಿಮೆಯಾದಂತೆ ಅನಿಸಿ ಅವನು ಮಾತು ನಿಲ್ಲಿಸಿದ. ಕುಯ್ಯೋ ನಿಂತುಹೋಗಿತ್ತು. ಕೂಸಿನ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ಇವನು ಸುಮ್ಮನಾದದ್ದೇ ತಡ, ಅದು ಒಂದು ಕಣ್ಣು ತೆರೆದು ತುಟಿ ಸೊಟ್ಟ ಮಾಡಿತು.

ತಾಯಿ: (ಪಿಸುಗುಟ್ಟುತ್ತಾ) ಅಣ್ಣ, ನಿಮ್ಮ ಕಾಲಿಗೆ ಬೀಳ್ತೀನಿ, ನಿಲ್ಲಿಸ್ಬೇಡಿ!

ಗ್ಯಾರಂಟಿ: ಏನನ್ನ?

ತಾಯಿ: ಎಣ್ಣೆ! ಎಣ್ಣೆ ಎಲ್ಲಿಗೆ ಹೋಯ್ತು?

ಗ್ಯಾರಂಟಿ: ಆ ಕಡೆಗೆ...

ತಾಯಿ: ಮತ್ತೆ?

ಮತ್ತೆ! ಗ್ಯಾರಂಟಿಯ ಬಾಳಿನಲ್ಲಿ ಯಾವ ಗಿರಾಕಿಯೂ ಅವನಿಗೆ ಮತ್ತೆ ಅಂದದ್ದಿಲ್ಲ, ಆಯ್ತು ಬಿಡಿ ಅಂದವರೇ ಎಲ್ಲ. ಹಿರಿಹಿರಿ ಹಿಗ್ಗಿ, ಹಳೇ ಟೈರಿನ ಮೇಲೆ ಕುಕ್ಕರಿಸಿದ. ಪಿಸ್ಟನ್ನಿನ ದಂಡದ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಅದು ಸೀಲನ್ನು ಹೇಗೆ ತಿನ್ನುತ್ತೆ, ಧೂಳು ಹೇಗೆ ಸೇರುತ್ತೆ, ಎಣ್ಣೆ ಹೇಗೆ ಕಪ್ಪಾಗುತ್ತೆ, ಗಾಳಿ ಹೇಗೆ ತುಂಬಿಸ್ಬೇಕು ಅಂತ ಒಂದೊಂದಾಗಿ ಬಿಡಿಸಿ ಹೇಳಿದ. ಹೇಳಿ ಮುಗಿಸಿ ನೋಡುತ್ತಾನೆ, ಕೂಸು ನಿದ್ದೆ. ಅದರಪ್ಪ ಬಾಯಿ ತೆರೆದು ನಿದ್ದೆ, ಬೊಂಬೆ ಎದೆ ಮೇಲೆ.

ಗ್ಯಾರಂಟಿ: (ಮೆಲ್ಲಗೆ) ನೋಡಿದ್ರಾ? ತಿರುಪು ಕೆಲಸ ಮಾಡ್ತು!

ತಾಯಿ: ಕಾರು ನಿಂತಲ್ಲೇ ನಿಂತಿದೆ ಅಣ್ಣ. ಕೆಲಸ ಮಾಡಿದ್ದು ನೀವು. ಶಾಕಬ್ಸರ್ ಹೇಗಿದೆಯೋ ಹಾಗೇ ಇರ್ಲಿ, ಕೈ ಹಚ್ಚಬೇಡಿ. ದಿನಾ ಸಂಜೆ ನಾನು ಫೋನ್ ಮಾಡ್ತೀನಿ, ನೀವು ಎಣ್ಣೆ ವಿಷಯ ಹೇಳಿದ್ರೆ ಸಾಕು.

ತನ್ನ ಕೆಲಸ ಉಳಿಯಿತು! ಗ್ಯಾರಂಟಿಯ ಕಣ್ಣಲ್ಲಿ ನೀರೇ ಬಂತು.

ಗ್ಯಾರಂಟಿ: ಇಂಥದ್ದು ಕೇಳೋಕೆ ಸಂಸ್ಕಾರ ಬೇಕಮ್ಮ. ನಮ್ಮ ಮನೆಯವಳಿಗೆ ಅದಿದೆ. ದಿನಾ ದೀಪ ಆರಿಸಿದ ಮೇಲೆ, ಅವತ್ತು ಬಿಚ್ಚಿ ಕಟ್ಟಿದ್ದನ್ನೆಲ್ಲ ಅವಳಿಗೆ ಮೊದಲಿಂದ ಹೇಳ್ತೀನಿ. ಮದುವೆಯಾದಾಗಿನಿಂದ ಒಂದು ದಿನ, ಒಂದೇ ಒಂದು ದಿನ, ಮಧ್ಯೆ ಬಾಯಿ ಹಾಕಿಲ್ಲ. ಅಷ್ಟು ಶ್ರದ್ಧೆಯಿಂದ...

ಮಾತು ಅಲ್ಲಿಗೇ ನಿಂತಿತು. ಗ್ಯಾರಂಟಿ ಕೂಸನ್ನು ನೋಡಿದ. ಕೂಸಿನ ಅಪ್ಪನನ್ನು ನೋಡಿದ.

ತಾಯಿ: ಯಾಕಣ್ಣ, ಏನಾಯ್ತು?

ಗ್ಯಾರಂಟಿ: ಅಲ್ಲಮ್ಮ... ಒಂದೊಂದ್ಸಲ ಅವಳು ‘ಹೂಂ’ ಅಂತಾಳೆ. ಎಚ್ಚರ ಇದ್ರೆ ತಾನೇ ‘ಹೂಂ’ ಅನ್ನೋಕಾಗೋದು?

ಗಂಡ: (ನಿದ್ದೆಯಲ್ಲೇ, ಮಗ್ಗುಲಾಗುತ್ತಾ) ಹೂಂ.