ಎಂಟನೇದರ ಹವಾ

ನಾನು ಸಿಟ್ಟಿನಲ್ಲಿ ಬಾಯಿ ತೆಗೆದಾಗಲೆಲ್ಲ, ಅದನ್ನು ತಪ್ಪು ತಿಳಿಯುವವರು ಒಬ್ಬರು ಪಕ್ಕದಲ್ಲಿ ನಿಂತೇ ಇರುತ್ತಾರೆ. ಎಲ್ಲಿಂದ ಬರುತ್ತಾರೋ, ದೇವರಾಣೆ ಗೊತ್ತಿಲ್ಲ.

ಈ ಸಲದ ಸಿಟ್ಟಿಗೆ ಕಾರಣ ಒಂದು ವಿಡಿಯೋ ಗೇಮು. ದೀಪ ಹಿಡಿದ ಹುಡುಗಿಯೊಬ್ಬಳು ಪಾಳು ಕೋಟೆಗಳಲ್ಲಿ ಬಾಗಿಲು ಹುಡುಕುತ್ತಾ ಹೋಗುವ ಆಟ. ಎಂಟು ಭಾಗ ಬಂದಿದ್ದವು, ಈಗ ಒಂಬತ್ತನೇದು ಬಂತು. ಬಳ್ಳಾರಿಯಲ್ಲಿ ನಾವೆಲ್ಲ ಆಡುವ ಗೇಮಿನ ಅಂಗಡಿಯ ಚಾಚಾ ಹೇಳಿಬಿಟ್ಟರು: "ಮಿಷನ್ನಿನಾಗ ಜಾಗ ಇಲ್ಲ. ಒಂಬತ್ತನೇದು ಹಾಕ್ಬೇಕಂದ್ರ ಎಂಟನೇದು ಅಳಿಸ್ಬೇಕು. ಭಾನುವಾರ ಬೆಳಿಗ್ಗಿ ಬಂದು ಕೈ ಎತ್ರಿ. ಯಾವ ಕಡಿ ಕೈ ಜಾಸ್ತಿನೋ ಅದ ಉಳೀತೈತಿ."

ನನ್ನ ಮೈಯೆಲ್ಲ ಉರಿಯಿತು. ಎಂಟನೇದರಲ್ಲಿ ನಾನೂ ಅಕ್ಕನೂ ಎರಡು ವರ್ಷ ಆಡಿ ಕಡೇ ಬಾಗಿಲ ಮುಂದೆ ನಿಂತಿದ್ದೆವು. ಅಷ್ಟರಲ್ಲಿ ಲಗ್ನವಾಗಿ ಅವಳು ಸಿರುಗುಪ್ಪಕ್ಕೆ ಹೋದಳು. "ನಾ ಬರೋತನಕ ಆ ಬಾಗಲಾ ತೆಗೀಬ್ಯಾಡಲೇ" ಅಂದಿದ್ದಳು. ನಾನು ಮುಟ್ಟಿರಲಿಲ್ಲ. ಅದನ್ನ ಅಳಿಸ್ತಾರಂತ!

೧. ಹವಾ

ಹತ್ತನೇ ಕ್ಲಾಸು ಎರಡು ಸಲ ಫೇಲಾಗಿ ನಾನೀಗ ಮಾವನ ಪಂಕ್ಚರ್ ಅಂಗಡಿಯಲ್ಲಿದ್ದೇನೆ. ಅಲ್ಲಿಗೇ ಬಂದ, ಕುರುಗೋಡಿನವನು. ಡಿಪ್ಲೊಮಾ ಓದುತ್ತಾನೆ. ಒಂಬತ್ತನೇದು ಬೇಕನ್ನುವ ಹೊಸ ಪಾರ್ಟಿಗೆ ಅವನೇ ಲೀಡರು.

"ಎಂಟು ಸಲಾನೂ ಅದ ಕತ್ತಲಿ, ಅದ ದೀಪ, ಅದ ಕೀಲಿ. ಬ್ಯಾಸರ ಬರೂದಿಲ್ಲೇನಲೇ? ಹೊಸದರಾಗ ಆಕಿ ಹಾರ್ತಾಳ, ಸೇತುವೆ ಕಟ್ತಾಳ, ಎಲ್ಲಿ ಬೇಕಲ್ಲಿ ಹೋಗ್ತಾಳ."

"ಹಾರಾಕ ಬಂದಮ್ಯಾಲ ಅಂಜಿಕಿ ಎಲ್ಲೀದಲೇ? ಎಂಟನೇದರಾಗ ದೀಪ ಸಣ್ಣಗಾದ್ರ ನಾವು ಉಸಿರು ಬಿಡ್ತಿರಲಿಲ್ಲ. ಆ ಹವಾ ಬೇಕು. ನಿನ್ನ ಹೊಸದರಾಗ ಹವಾನ ಇಲ್ಲ!"

ಹೊಸದರಾಗ ಹವಾ ಇಲ್ಲ ಎಂದು ನಾನು ಕೂಗಿದ ಹೊತ್ತಿಗೆ, ಮಾವ ಒಬ್ಬ ಗಿರಾಕಿಯ ಬೈಕಿಗೆ ಹೊಸ ಟೈರು ಹಾಕಿ ಕೈ ಒರೆಸಿಕೊಳ್ಳುತ್ತಿದ್ದ.

"ಏನಂದಿ? ಹವಾ ಇಲ್ಲಾ?" ಗಿರಾಕಿ ಎದ್ದು ನಿಂತ. "ಮತ್ತ ಹೊಸಾದು ಯಾಕ ಹಾಕಿದ್ರಿ? ನನ್ನ ಹಳೇದ ಹಾಕ್ರಿ ವಾಪಸ್!"

ಹಳೇದರ ಪರವಾಗಿ ಮೊದಲು ಕೈ ಎತ್ತಿದವನು ಅವನೇ. ಆ ಕೈಯಲ್ಲಿ ನಟ್ಟು ತಿರುಗಿಸುವ ನಮ್ಮ ಪಾನಾ ಇತ್ತು.

೨. ಅಳಿಸ್ತಾರ

ಅದೇ ಸಿಟ್ಟಿನಲ್ಲಿ ಅಕ್ಕನ ನಂಬರಿಗೆ ಫೋನ್ ಹಚ್ಚಿದೆ. ಆ ಕಡೆ ಎತ್ತಿದ್ದೇ ತಡ ಒದರಿದೆ: "ಭಾನುವಾರ ಬೆಳಿಗ್ಗಿ ಬಂದುಬಿಡು! ಇಲ್ಲಾಂದ್ರ ಅಳಿಸಿಬಿಡ್ತಾರ! ಒಮ್ಮಿ ಹೋತಂದ್ರ ಮತ್ತ ಬರಂಗಿಲ್ಲ!"

ಆ ಕಡೆ ಇದ್ದದ್ದು ಅಕ್ಕನ ಅತ್ತೆ. "ಅಳಿಸ್ತಾರಾ? ಯಾರನ್ನೋ ಯಪ್ಪಾ? ಯಾರು ಹೋದ್ರೋ?"

ಬಿಡಿಸಿ ಹೇಳಬೇಕು ಅನ್ನುವಷ್ಟರಲ್ಲಿ ಫೋನು ಕುಂಯ್ ಅಂತು. "ಅಯ್ಯಯ್ಯೋ, ಹೋತು!" ಅಂದೆ.

ಹೋದದ್ದು ಚಾರ್ಜು. ಅದನ್ನು ಹೇಳಲು ಚಾರ್ಜಿರಲಿಲ್ಲ.

೩. ಭಾನುವಾರ

ಹೊಸ ಪಾರ್ಟಿಯವರು ಹನ್ನೊಂದು ಮಂದಿ, ನಮ್ಮವರು ನನ್ನನ್ನು ಬಿಟ್ಟು ನಾಲ್ಕು. ಎಣಿಸಿದಷ್ಟೂ ಸಿಟ್ಟು ಬಂತು. ಬೆಳಿಗ್ಗೆ ಎದ್ದವನೇ ಹೊಸ ಪಾರ್ಟಿಯವರ ದಾರಿ ತಪ್ಪಿಸಲು ಮೆಸೇಜು ಹಾಕಿದೆ: "ಚಾಚಾ ಜಾಗ ಬದಲು ಮಾಡ್ಯಾರ. ಸಂಗನಕಲ್ಲು ಗುಡ್ಡದ ಮ್ಯಾಲ ಬರ್ರಿ."

ಅಂಗಡಿಗೆ ಹೋದರೆ ಹೊಸ ಪಾರ್ಟಿಯವರು ಒಬ್ಬರೂ ಇಲ್ಲ. ಖುಷಿಯಾಯಿತು. ನಮ್ಮವರೂ ಇಲ್ಲ. ಮೊಬೈಲ್ ತೆಗೆದು ನೋಡಿದೆ. ಮೆಸೇಜು ಎಲ್ಲರೂ ಇರುವ ಗ್ರೂಪಿಗೆ ಹೋಗಿತ್ತು!

ಅಷ್ಟರಲ್ಲಿ ಅಕ್ಕ ಬಂದಳು. ಹಿಂದೆಯೇ ಸೆರಗು ಬಾಯಿಗಿಟ್ಟುಕೊಂಡು ಅವಳ ಅತ್ತೆ. "ಯಾರು ಹೋದ್ರೋ ಯಪ್ಪಾ?"

"ಎಂಟನೇದು ಹೋಗಾಕತ್ತೈತಮ್ಮಾ" ಅಂದರು ಚಾಚಾ.

"ಯವ್ವಾ! ಏಳು ಮಂದಿ ಆಗ್ಲೇ ಹೋದ್ರಾ?"

ಯಾರೂ ಸತ್ತಿಲ್ಲ, ಇದು ಆಟ ಎಂದು ಅಕ್ಕ ಬಿಡಿಸಿ ಹೇಳಿದಳು. ಚಾಚಾ ಗಡಿಯಾರ ನೋಡಿ, "ಟೈಮಾತು. ಹಳೇದಕ್ಕ ಯಾರು?" ಅಂದರು. ನಾನು ಕೈ ಎತ್ತಿದೆ. ನಾನೊಬ್ಬನೇ.

"ಹೊಸದಕ್ಕ?"

ಅಕ್ಕ ಕೈ ಎತ್ತಿದಳು! ಅದೇ ಹೊತ್ತಿಗೆ ಅವಳ ಅತ್ತೆ, "ಸದ್ಯ, ದೇವ್ರು ದೊಡ್ಡಾಂವ" ಅಂತ ಎರಡೂ ಕೈ ಮೇಲೆತ್ತಿದರು.

"ಹೊಸದಕ್ಕ ಮೂರು" ಅಂದರು ಚಾಚಾ.

"ಅಕ್ಕಾ! ನಮ್ಮ ಬಾಗಲಾ?" ಎತ್ತಿದ ಕೈ ಇಳಿಸದೆ ಕೇಳಿದೆ.

"ಅದನ್ನ ಲಗ್ನದ ಹಿಂದಿನ ದಿನಾನ ತೆಗೆದು ನೋಡಿದ್ನಲೇ. ಸೇವ್ ಮಾಡಲಾರದ ಎದ್ದು ಬಂದೆ. ನಿನಗ ಹೇಳಿದ್ರ ಅಳ್ತಿದ್ದಿ."

"ಒಳಗ ಏನಿತ್ತು?"

"'ಮುಂದಿನ ಭಾಗದಲ್ಲಿ ನೋಡಿ' ಅಂತ ಬರ್ದಿತ್ತು. ಅದಕ್ಕ ಒಂಬತ್ತನೇದಕ್ಕ ಕೈ ಎತ್ತಿದ್ದು. ಬಾ, ಕುಂದ್ರು. ಇಬ್ರೂ ಕೂಡಿ ನೋಡೂಣು."

ಸಿಟ್ಟಿನಲ್ಲೇ ಕುಳಿತೆ. ಒಂಬತ್ತನೇದು ಶುರುವಾಯಿತು. ಅದೇ ಕಡೇ ಬಾಗಿಲು ತೆರೆದರೆ ಒಳಗೆ ಬರೀ ಕತ್ತಲೆ, ಹುಡುಗಿಯ ದೀಪ ಸಣ್ಣಗಾಯಿತು. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಇಬ್ಬರೂ ಉಸಿರು ಬಿಡಲಿಲ್ಲ. ಇದನ್ನು ಕುರುಗೋಡಿನವನಿಗೆ ಸತ್ತರೂ ಹೇಳಬಾರದು ಅಂದುಕೊಂಡೆ.

ಹೊರಗೆ ಬಂದರೆ ಗುಡ್ಡದಿಂದ ವಾಪಸ್ಸಾದ ಹದಿನೈದು ಮಂದಿ ಬಿಸಿಲಿಗೆ ಕೆಂಪಾಗಿ ನಿಂತಿದ್ದರು. ಹೊಸ ಪಾರ್ಟಿ, ಹಳೇ ಪಾರ್ಟಿ ಮೊದಲ ಸಲ ಒಂದಾಗಿದ್ದವು. ಮಧ್ಯದಲ್ಲಿ ನನ್ನ ಸೈಕಲ್ಲು, ಎರಡೂ ಟೈರು ಚಪ್ಪಟೆಯಾಗಿ ನೆಲಕ್ಕಂಟಿದ್ದವು.

ಕುರುಗೋಡಿನವನು ಎರಡು ವಾಲ್ವು ಅಂಗೈಯಲ್ಲಿ ಹಿಡಿದು ಕೇಳಿದ: "ಈಗ ಹೇಳಲೇ, ಹವಾ ಯಾವುದರಾಗ ಐತಿ?"