ಬರೀ ಗಂಡು ಹೂವು

ನಮ್ಮ ಯಜಮಾನರ ಕೈಗೆ ಹೊಸ ಪೊಟ್ಟಣ ಒಂದು ಸಿಕ್ಕಿದರೆ ಸಾಕು, ಇಡೀ ಮಾದಿಹಳ್ಳಿ ನಗೋದಕ್ಕೆ ಏನಾದರೂ ಆಗೇ ಆಗುತ್ತೆ. ಮನೆಗೆ ಫೋನು ಬಂದ ವರ್ಷ, ಮಗನಿಗೆ ಹೆಣ್ಣು ಗೊತ್ತು ಮಾಡುತ್ತಿದ್ದೆವು. ಆಗಲೇ ಇವರು ಜಾವಗಲ್ಲಿಂದ ಬೆಳೆಗೆ ಹಾಕೋ ಒಂದು ಪುಡಿ ತಂದರು.

ಭತ್ತ

ಮಗ ಪೊಟ್ಟಣದ ಮೇಲಿದ್ದುದನ್ನ ಓದಿ ಹೇಳಿದ: "ಅವ್ವಾ, ಇದು ಹಾರ್ಮೋನು. ಬೀಜ ಯಾವಾಗ ಮೊಳೀಬೇಕು, ಗಿಡ ಎಷ್ಟುದ್ದ ಬೆಳೀಬೇಕು ಅಂತ ಒಳಗಿಂದ ಹೇಳೋದು ಇದೇ. ಒಂದು ಚಿಟಿಕೆ ಸಾಕು."

ಇವರು ಬಿತ್ತನೆ ಭತ್ತ ನೆನೆಸೋ ನೀರಿಗೆ ಅರ್ಧ ಪೊಟ್ಟಣ ಸುರಿದರು. ಸಸಿಗಳು ಎದ್ದವು ನೋಡಿ, ಬಿಳಿಚಿಕೊಂಡು ಉದ್ದೋಉದ್ದ! ವಾರದಲ್ಲಿ ಒಂದರ ಮೇಲೊಂದು ಬಿದ್ದುಕೊಂಡವು.

ಪಕ್ಕದ ಮನೆಯವಳು ಬಂದಳು. "ಅಕ್ಕಾ, ನಮ್ಮೆಜಮಾನ್ರು ಕುಳ್ಳು. ಅಟ್ಟ ಎಟುಕಲ್ಲ. ಒಂದು ಚಿಟಿಕೆ ಕೊಡ್ತೀಯಾ?"

"ಬ್ಯಾಡ ಕಣೇ. ಈಗ ನಿಂತಾದರೂ ಅವ್ರೆ!"

ಸೌತೆ

ಹೆಣ್ಣಿನ ತಂದೆ ಹಗರೆ ಊರಿನವರು, ಒಳ್ಳೇ ಬೇಸಾಯಗಾರರು. ಮನೆ ನೋಡೋಕೆ ಬರ್ತೀವಿ ಅಂತ ಫೋನು ಮಾಡಿ, "ಹಿತ್ತಲು ನೋಡಿದರೆ ಮನೆಯವರು ಗೊತ್ತಾಗ್ತಾರೆ" ಅಂದರು. ನಾನು ಸುಮ್ಮನಿರಬಾರದಾ? "ಬನ್ನಿ, ಹಿತ್ತಲ ಸೌತೆಕಾಯಿ ಕಿತ್ತು ಕೊಡ್ತೀನಿ" ಅಂದುಬಿಟ್ಟೆ.

ಇವರು ಉಳಿದ ಪುಡಿಯನ್ನೆಲ್ಲ ಕಲಸಿ ಸೌತೆ ಬಳ್ಳಿಗೆ ಹೊಡೆದರು. ಬಳ್ಳಿ ತುಂಬ ಹೂವು, ಒಂದರ ಬುಡದಲ್ಲೂ ಹೀಚಿಲ್ಲ. ಎಲ್ಲಾ ಗಂಡು ಹೂವೇ! ಔಷಧಿ ಜಾಸ್ತಿಯಾದರೆ ಹಾಗೇ ಅಂತೆ.

"ಮನೇಲಿರೋ ಎರಡು ಗಂಡಸರನ್ನೇ ಸಾಕೋಕಾಗ್ತಿಲ್ಲ, ಹಿತ್ತಲಿಗೂ ತುಂಬಿದ್ರಾ?" ಅಂದೆ.

ಹೀರೇಕಾಯಿ

ಅವರು ಬರೋ ದಿನ ಹೊತ್ತಾರೆನೇ ಇವರನ್ನ ಹಳೇಬೀಡಿಗೆ ಓಡಿಸಿದೆ. "ಸೌತೆಕಾಯಿ ತಂದು ಬಳ್ಳಿಗೆ ಕಟ್ಟಿ. ದೂರದಿಂದ ತೋರಿಸಿ ಒಳಗೆ ಕರಕೊಂಡು ಬನ್ನಿ."

ನಾನು ಒಲೆ ಮುಂದೆ ಇದ್ದೆ. ಕಾಫಿ ಹಿಡಕೊಂಡು ಹಿತ್ತಲಿಗೆ ಹೋಗ್ತೀನಿ, ಹಗರೆಯವರು ಆಗಲೇ ಬಳ್ಳಿ ಹತ್ತಿರಾನೇ ನಿಂತವರೆ. ಸೌತೆ ಬಳ್ಳಿ ತುಂಬ ಹೀರೇಕಾಯಿ ತೂಗಾಡ್ತಾ ಐತೆ!

"ಇದ್ಯಾವ ತಳಿ?" ಅಂದರು.

"ಸೌತೆಕಾಯಿ ಸಿಗಲಿಲ್ಲ" ಅಂತ ನನ್ನ ಕಿವೀಲಿ ಪಿಸುಗುಟ್ಟಿದ ಇವರು, ಅವರ ಕಡೆ ತಿರುಗಿ, "ಹೊಸ ಔಷಧಿ ಕಣ್ರೀ!" ಅಂದರು.

ಅವರು ಒಂದು ಕಾಯಿಗೆ ಕೈ ಹಾಕಿದರು. ಕಟ್ಟಿದ್ದ ಬಾಳೆನಾರಿನ ಸಮೇತ ಕೈಗೆ ಬಂತು. ಗಂಟು ನೋಡಿದರು, ಹೂವು ನೋಡಿದರು. ಸಂಬಂಧ ಮುರೀತು ಅಂತ ನಾನು ಸೆರಗು ಬಾಯಿಗಿಟ್ಟುಕೊಂಡೆ.

ಅವರು ಮೆಲ್ಲಗೆ ಹತ್ತಿರ ಬಂದು, "ಜಾವಗಲ್ ಪುಡಿನಾ?" ಅಂದರು.

ಹೂಂ ಅಂದೆ.

"ಭಾನುವಾರ ನೀವು ನಮ್ಮನೆಗೆ ಬರಬೇಕಲ್ಲ ಬೀಗಿತ್ತಿ... ಆ ಬಾಳೆನಾರು ಇನ್ನೊಂದಿಷ್ಟು ಇದ್ರೆ ಕೊಡಿ."