ಮಾವನವರ ಗಾಡಿ ಸೋರಿದ್ದು

ಮಾವನವರು ತಮ್ಮ ಹಳೆಯ ಮೋಟಾರ್‌ಸೈಕಲ್ಲನ್ನು ನನಗೆ ಕೊಟ್ಟಾಗ, ಇಬ್ಬರು ಅಳಿಯಂದಿರಲ್ಲಿ ಯೋಗ್ಯ ಯಾರು ಎಂಬ ಪ್ರಶ್ನೆ ಇತ್ಯರ್ಥವಾಯಿತೆಂದೇ ನಾನು ತಿಳಿದೆ. ಇನ್ನೊಬ್ಬ ಅಳಿಯ, ಅಂದರೆ ನನ್ನ ಸಡ್ಡಕ ವೀರೇಶ, ಗಂಗಾವತಿಯಲ್ಲಿದ್ದಾನೆ. ಅವನಿಗೂ ಆ ಗಾಡಿಯ ಮೇಲೆ ಕಣ್ಣಿತ್ತು. ಆದರೆ ಅದು ಬಂದು ನಿಂತದ್ದು ಭಾಗ್ಯನಗರದ ನಮ್ಮ ಅಂಗಳದಲ್ಲಿ!

ಮಾವನವರ ಊರು ಮಂಗಳೂರು. ಸಮುದ್ರವಿರುವ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು. ಸರ್ಕಾರಿ ನೌಕರಿ ಮುಗಿಯುವವರೆಗೂ ಅವರು ಓಡಿಸಿದ್ದು ಈ ಒಂದೇ ಗಾಡಿಯನ್ನು. ಮಗಳ ಮದುವೆಯಲ್ಲಿ ಗಟ್ಟಿಯಾಗಿ ನಿಂತಿದ್ದ ಮನುಷ್ಯ, ಕೀಲಿ ಕೊಡುವಾಗ ಕಣ್ಣೊರೆಸಿಕೊಳ್ಳಲು ಟವೆಲ್ ಹುಡುಕಿದರು.

"ಅಳಿಯಂದ್ರ, ಇದು ಒಂದ ದಿನಾನೂ ನನ್ನ ನಡು ದಾರ್ಯಾಗ ಬಿಟ್ಟಿಲ್ಲ. ಛಲೋ ನೋಡ್ಕೋರಿ. ಏನರ ಆದ್ರ ನೀವು ಬಿಚ್ಚಾಕ ಹೋಗಬ್ಯಾಡ್ರಿ, ನನಗೊಂದು ಫೋನ್ ಹಚ್ರಿ."

"ಚಿಂತಿ ಬಿಡ್ರಿ ಮಾವಾರ, ನಾ ಅದೀನಲ್ಲ!" ಎಂದೆ.

ನಾನಿದ್ದದ್ದೇ ತೊಂದರೆಯಾಯಿತು. ನನ್ನದು ಸ್ಟೇಷನರಿ ಅಂಗಡಿ. ಯಂತ್ರಗಳ ವಿಷಯದಲ್ಲಿ ನನ್ನ ಅನುಭವವೆಂದರೆ ಸಿಕ್ಕಿಕೊಂಡ ಸ್ಟೇಪ್ಲರ್ ಬಿಡಿಸಿದ್ದು. ಆದರೂ ಗಾಡಿ ಬಂದ ಮರುದಿನವೇ ಅದರ ಸೇವೆಗೆ ನಿಂತೆ. ತೊಳೆದೆ, ಒರೆಸಿದೆ, ಎಣ್ಣೆ ಹಚ್ಚಿದೆ. ಟ್ಯಾಂಕಿನ ಕೆಳಗೆ ಪೆಟ್ರೋಲ್ ಸೋಸುವ ಪುಟ್ಟ ಜಾಲರಿಯೊಂದು ಹೊಲಸಾಗಿ ಕಂಡಿತು. ತೆಗೆದು ಎಸೆದೆ. ಇಂಥ ಗಾಡಿಗೆ ಇಂಥ ಹೊಲಸು ಶೋಭಿಸುತ್ತದೆಯೇ?

ಕೆಲವು ದಿನಗಳ ನಂತರ ಹೆಂಡತಿ ಗಿರಿಜಾ ಅಡುಗೆಮನೆಯಿಂದ ಕೂಗಿದಳು.

"ಏನ್ರೀ, ಪೆಟ್ರೋಲ್ ವಾಸನಿ ಬರಾಕತ್ತೈತಿ! ಗ್ಯಾಸ್ ಹಚ್ಚಲೋ ಬ್ಯಾಡೋ?"

ಹೊರಗೆ ಬಂದು ನೋಡಿದರೆ ಗಾಡಿಯ ಹೊಟ್ಟೆಯ ಕೆಳಗಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದೆ! "ಅಪ್ಪಗ ಫೋನ್ ಹಚ್ರಿ" ಎಂದಳು. ಇಷ್ಟು ಸಣ್ಣ ಕೆಲಸಕ್ಕೆ ಹಿರಿಯರಿಗೆ ತೊಂದರೆ ಕೊಡುವುದೇ? ಅಲ್ಲದೆ ಸುದ್ದಿ ವೀರೇಶನ ಕಿವಿಗೆ ಬಿದ್ದರೆ ಗಾಡಿ ಗಂಗಾವತಿಗೆ ಹೋಗುವುದು ಖಂಡಿತ. ನಾನೇ ತನಿಖೆ ಕೈಗೊಂಡೆ.

ಮೊದಲ ಆರೋಪಿ ಪೆಟ್ರೋಲ್ ಪೈಪು. ಅದರ ಬಾಯಿಗೆ ಬಟ್ಟೆ ಸಾಬೂನು ಮೆತ್ತಿದೆ. ಸಾಬೂನಿನ ವಾಸನೆಯೂ ಸೇರಿಕೊಂಡಿತು, ಸೋರುವುದು ನಿಲ್ಲಲಿಲ್ಲ. ಹೊಸ ಪೈಪು ತಂದು ಹಾಕಿದೆ. ಹೊಸ ಪೈಪಿನಲ್ಲಿ ಇನ್ನೂ ಜೋರಾಗಿ ಹರಿದು ಬಂದು ಸೋರಿತು!

ಎರಡನೆಯ ಆರೋಪಿ ಕಾರ್ಬುರೇಟರ್. ಮೊಬೈಲಿನಲ್ಲಿ ವಿಡಿಯೊ ನೋಡುತ್ತ ಅದರ ತಳದ ಬಟ್ಟಲು ಬಿಚ್ಚಿ, ವಾಷರ್ ಬದಲಿಸಿ, ಮತ್ತೆ ಕೂಡಿಸಿದೆ. ಒಂದು ಸ್ಕ್ರೂ ಉಳಿಯಿತು. ಹಳೆಯ ಕಾಲದವರು ಒಂದೆರಡು ಹೆಚ್ಚಿಗೆ ಹಾಕಿರುತ್ತಾರೆಂದು ಜೇಬಿಗಿಳಿಸಿದೆ. ಸೋರುವುದು ನಿಲ್ಲಲಿಲ್ಲ. ಸಿಟ್ಟಿಗೆದ್ದು ನಟ್ಟು ಬಿಚ್ಚುವ ಪಾನಾದಿಂದ ಅದರ ತಲೆಗೆ ಒಂದು ಕುಟ್ಟಿದೆ.

ನಿಂತಿತು!

"ನೋಡು ಗಿರಿಜಾ, ಕೈಗುಣ!" ಎಂದೆ. ಅವಳು ಗ್ಯಾಸ್ ಹಚ್ಚಿ ಚಹಾಕ್ಕಿಟ್ಟಳು. ಹಾಲು ಉಕ್ಕುವ ಮೊದಲೇ ಗಾಡಿ ಮತ್ತೆ ತೊಟ್ಟಿಕ್ಕಿತು. ಅವಳು ಗ್ಯಾಸ್ ಆರಿಸಿದಳು. ಅರ್ಧ ಕಾದ ಚಹಾ ನನ್ನ ಕೈಗೆ ಬಂತು.

ಸರಿಯಾಗಿ ಅದೇ ಹೊತ್ತಿಗೆ ವೀರೇಶನ ಫೋನು. "ಏನ್ ಅಣ್ಣಾರ, ಮಾವಾರ ಗಾಡಿ ಹೆಂಗೈತಿ?"

ನಾನು ಸೋತೆ ಎನ್ನಬೇಕಿತ್ತು. ಅದರ ಬದಲು ಗಂಟಲು ಸರಿಮಾಡಿಕೊಂಡು ತಜ್ಞರ ಧಾಟಿಯಲ್ಲಿ ವರದಿ ಒಪ್ಪಿಸಿದೆ. "ಗಾಡಿ ಛಲೋ ಐತಿ ವೀರೇಶಾ. ಆದ್ರ ಮಾವಾರು ಅದನ್ನ ನೋಡ್ಕೊಂಡಿಲ್ಲ. ಕಾರ್ಬುರೇಟರ್‌ನ್ಯಾಗಿನ ಸೂಜಿ ಪೂರ್ತಿ ಸವದೈತಿ. ಇಷ್ಟು ವರ್ಷ ಬರೇ ಏರಿ ಕುಂತು ಓಡಿಸ್ಯಾರ, ಅಷ್ಟ!"

ವೀರೇಶ ಮೆಲ್ಲಗೆ ಹೇಳಿದ. "ಅಣ್ಣಾರ, ಫೋನ್ ಸ್ಪೀಕರ್ ಮ್ಯಾಲೈತಿ. ಮಾವಾರು ಇಲ್ಲೇ ಕುಂತಾರ."

ಮರುದಿನ ಬೆಳಿಗ್ಗೆ ಮಾವನವರು ಗಂಗಾವತಿ ಬಸ್ಸಿಳಿದು ನೇರ ನಮ್ಮ ಮನೆಗೇ ಬಂದರು. ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ಎಲ್ಲಿಗೆ ಹೋದರೂ ಜೊತೆಗಿರುವ ಅವರ ಹಳೆಯ ಪಾನಾಗಳು. ಗಿರಿಜಾ ಕೊಟ್ಟ ನೀರನ್ನೂ ಪೂರ್ತಿ ಕುಡಿಯದೆ ಗಾಡಿಯ ಪಕ್ಕದಲ್ಲಿ ಕುಳಿತರು. "ಸವದಿರಬೇಕು. ನಾನೂ ನೋಡೇ ಇಲ್ಲೇನೋ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆ ದನಿ ಕೇಳಿ ನನಗೆ ಬೈಸಿಕೊಂಡಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ತುಂಬುತ್ತಿದ್ದಂತೆ ಒಂದು ಬುರುಡೆ ತೇಲಿ ಮೇಲೇರುತ್ತದೆ, ಸೂಜಿಯೊಂದನ್ನು ಒತ್ತಿ ದಾರಿ ಮುಚ್ಚುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನ ವ್ಯವಸ್ಥೆಯೇ ಇದು. ಮಾವನವರು ಸೂಜಿ ತೆಗೆದು ಬೆಳಕಿಗೆ ಹಿಡಿದರು. ಚೂರೂ ಸವೆದಿರಲಿಲ್ಲ. ಅದು ಕೂರುವ ತೂತಿನಲ್ಲಿ ಏನೋ ಬೆಳ್ಳಗೆ ಸಿಕ್ಕಿಕೊಂಡಿತ್ತು. ಕಡ್ಡಿಯಿಂದ ಎಬ್ಬಿಸಿ ಅಂಗೈ ಮೇಲಿಟ್ಟುಕೊಂಡರು.

"ಅಳಿಯಂದ್ರ, ಇದು ಅಕ್ಕಿ ನುಚ್ಚು."

ನನಗೆ ತಟ್ಟನೆ ನೆನಪಾಯಿತು. ಗಾಡಿ ತರುವ ದಿನ ಅತ್ತೆಯವರು ಅಕ್ಕಿ, ಅಡಿಕೆ, ಉತ್ತುತ್ತಿ ಕೈಗಿಟ್ಟು, "ಮನಿ ಮಗಳ ಹೊಂಟಂಗ ಆಗೈತ್ರಿ. ಉಡಿ ತುಂಬಿ ಒಯ್ರಿ" ಎಂದು ಕಣ್ಣೀರು ತಡೆಯಲಾರದೆ ಒಳಗೆ ಹೋಗಿದ್ದರು. ಮಗಳಿಗಾದರೆ ಸೆರಗಿದೆ. ಗಾಡಿಗೆ ಉಡಿ ಎಲ್ಲಿ? ಹಿಂದೆ ಮುಂದೆ ಸುತ್ತಿ ನೋಡಿದೆ. ತುಂಬಲು ಬರುವ ಜಾಗ ಒಂದೇ ಇತ್ತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು, ಕೈಮುಗಿದು, ಬಹಳ ಭಕ್ತಿಯಿಂದ ತುಂಬಿದ್ದೆ!

ಎಲ್ಲ ಹೇಳಿದೆ. ಮಾವನವರು ಎದ್ದು ಗಾಡಿಯನ್ನು ಅಲುಗಾಡಿಸಿದರು. ಟ್ಯಾಂಕಿನಲ್ಲಿ ಏನೋ ಕಟಕಟ ಅಂದಿತು.

"ಅಡಕಿನೂ ಹಾಕೀರೇನ್ರಿ?"

"ಒಂದ ಹಾಕೀನ್ರಿ ಮಾವಾರ."

"ಉತ್ತುತ್ತಿ?"

"ಅದನ್ನ ದಾರ್ಯಾಗ ತಿಂದೀನ್ರಿ."

ಅಷ್ಟರಲ್ಲಿ ಗಿರಿಜಾ ಹೊರಗೆ ಬಂದಳು. "ಏನಾಗಿತ್ತಪ್ಪಾ?"

ಮಾವನವರು ಅಂಗೈ ಮುಚ್ಚಿದರು. "ಏನಿಲ್ಲವ್ವಾ. ಕಸ ಸಿಕ್ಕಿತ್ತು. ಅಳಿಯಂದ್ರು ಹೇಳಿದ್ದು ಖರೇನ ಐತಿ, ನಾನ ಸರಿಯಾಗಿ ನೋಡ್ಕೊಂಡಿದ್ದಿಲ್ಲ."

ನಾಚಿಕೆ ಅಂದರೇನೆಂದು ಅಂದು ತಿಳಿಯಿತು. ನನ್ನ ಮಾನ ಉಳಿಸಲು ಅವರು ತಮ್ಮ ಜೀವಮಾನದ ಹೆಮ್ಮೆಯನ್ನೇ ಬಿಟ್ಟುಕೊಟ್ಟಿದ್ದರು. ನಾನು ಆ ಸುಳ್ಳಿನ ನೆರಳಲ್ಲಿ ಒಂದು ಕ್ಷಣ ಹಾಯಾಗಿ ನಿಂತದ್ದೂ ನಿಜ. ಆಗ ಗಿರಿಜಾ, "ಅಪ್ಪ ನಿನ್ನೆ ಊಟಾನೂ ಮಾಡಿಲ್ಲಂತ. ತಂಗಿ ಹೇಳಿದ್ಳು" ಅಂದಳು. ಇನ್ನು ತಡೆಯಲಾಗಲಿಲ್ಲ. ವೀರೇಶನಿಗೆ ಫೋನು ಹಚ್ಚಿ ನಾನೇ ಸ್ಪೀಕರ್ ಒತ್ತಿದೆ. ಜಾಲರಿ ಎಸೆದದ್ದು, ಅಕ್ಕಿ ಹಾಕಿದ್ದು, ಅಡಿಕೆ ಹಾಕಿದ್ದು, ಉತ್ತುತ್ತಿ ತಿಂದದ್ದು ಎಲ್ಲವನ್ನೂ ಒಪ್ಪಿಕೊಂಡೆ. "ಮಾವಾರದು ಏನೇನೂ ತಪ್ಪಿಲ್ಲ. ಗಾಡಿ ಬಂಗಾರದಂಗ ಇಟ್ಟಿದ್ರು. ಕೆಡಿಸಿದಾಂವ ನಾನು!"

ಮೊದಲು ವೀರೇಶ ನಕ್ಕ. ಆಮೇಲೆ ಅವನ ಹೆಂಡತಿ, ಅವರ ಮನೆಗೆ ಬಂದಿದ್ದ ಯಾರೋ ನೆಂಟರು, ಎಲ್ಲರೂ ನಕ್ಕರು. ಕೊನೆಗೆ ಗಾಡಿಯ ಪಕ್ಕದಲ್ಲಿ ಕುಳಿತಿದ್ದ ಮಾವನವರೂ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಗಿರಿಜಾ ಮಾತ್ರ ನಗಲಿಲ್ಲ. ರೊಟ್ಟಿ ಬಡಿಯಲು ಒಳಗೆ ಹೋದಳು. ಮಾವನವರು ಎರಡು ರೊಟ್ಟಿ ಹೆಚ್ಚಿಗೆ ಉಂಡ ಮೇಲೆಯೇ ಅವಳ ಮುಖ ಸಡಿಲಾದದ್ದು.

ಹೊರಡುವಾಗ ಮಾವನವರು ನನ್ನ ಬೆನ್ನು ತಟ್ಟಿದರು. "ಗಾಡಿ ಇಲ್ಲೇ ಇರ್ಲಿ ಅಳಿಯಂದ್ರ" ಎಂದರು. ನನಗೆ ಜೀವ ಬಂತು. ಆಮೇಲೆ ಕೀಲಿಯನ್ನು ಗಿರಿಜಾಳ ಕೈಗಿಟ್ಟರು.

ಈಗ ಗಾಡಿ ಬೇಕಾದಾಗ ಹೆಂಡತಿಯನ್ನು ಕೇಳುತ್ತೇನೆ. ಅವಳು ಇಲ್ಲವೆನ್ನುವುದಿಲ್ಲ. ಆದರೆ ಕೀಲಿ ಕೊಡುವ ಮೊದಲು, ಓಣಿಯವರೆಲ್ಲ ನೋಡುವಂತೆ, ನನ್ನ ಜೇಬುಗಳನ್ನು ತಡವಿ ನೋಡುತ್ತಾಳೆ!